ಮಳೆಗಾಲದಲ್ಲಿ ಮಂಕಾದ ಅಲ್ಯೂಮಿನಿಯಂ: ನನ್ನ ಅನುಭವ

ಮಂಗಳೂರಿನ ಜುಲೈ ಮಳೆ ಗೊತ್ತಲ್ವಾ, ಒಗೆದ ಬಟ್ಟೆ 3 ದಿನವಾದರೂ ಒಣಗುವುದಿಲ್ಲ. ಅದೇ ತೇವ ನಮ್ಮ ಲ್ಯಾಬಿನ ಸ್ಪಟ್ಟರಿಂಗ್ ಮೆಷಿನ್‌ಗೂ ಕಾಟ ಕೊಟ್ಟಿತು. ಗಾಳಿ ಹೊರತೆಗೆದ ಚೇಂಬರಿನೊಳಗೆ (ಮುಚ್ಚಿದ ಪೆಟ್ಟಿಗೆ) ಲೋಹದ ತೆಳು ಪದರ ಕೂರಿಸುವ ಮೆಷಿನ್ ಅದು. ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲಿನ ಅಲ್ಯೂಮಿನಿಯಂ ಪದರ ಕನ್ನಡಿಯಂತೆ ಹೊಳೆಯುವ ಬದಲು ಹಾಲು ಬಳಿದ ಹಾಗೆ ಮಂಕಾಗಿತ್ತು. ಟೇಪ್ ಅಂಟಿಸಿ ಎಳೆದರೆ ಅಂಚಿನಲ್ಲಿ ಕಿತ್ತು ಬರುತ್ತಿತ್ತು.

ಹೊರಗಿನ ಗಾಳಿ ಒಳಗೆ ಸೋರುತ್ತಿರಬಹುದು ಅಂತ ಪಂಪಿನ ವಾಲ್ವ್ ಮುಚ್ಚಿ ಗೇಜ್ ಮುಂದೆ ಕೂತೆ. ಒತ್ತಡ ಮೊದಲು ಬೇಗ ಏರಿತು, ಆಮೇಲೆ ನಿಧಾನವಾಯಿತು. ಸೋರಿಕೆಯಾಗಿದ್ದರೆ ಒಂದೇ ಸಮ ಏರುತ್ತಿತ್ತು. ಇದು ಚೇಂಬರಿನ ಗೋಡೆಗೆ ಅಂಟಿದ ನೀರಿನ ಆವಿ!

ಚೇಂಬರ್ ತೆರೆಯುವಾಗ ನಾವು ಸುಮ್ನೆ ಹೊರಗಿನ ಗಾಳಿಯನ್ನೇ ಬಿಡುತ್ತಿದ್ದೆವು. ಈಗ ಒಣ ನೈಟ್ರೋಜನ್ ಬಿಡುತ್ತೇವೆ, ಬಾಗಿಲನ್ನು 5 ನಿಮಿಷಕ್ಕಿಂತ ಜಾಸ್ತಿ ತೆರೆದಿಡುವುದಿಲ್ಲ. ಗೋಡೆಗೆ ಲೋಹ ಅಂಟದಂತೆ ಒಳಗಿಟ್ಟ ಶೀಲ್ಡ್‌ಗಳ ಮೇಲೆ ಕೂತಿದ್ದ ಹಳೆಯ ಲೋಹದ ಪದರವನ್ನೂ ತೆಗೆದೆ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ವೇಫರ್‌ಗಳನ್ನು 120 ಡಿಗ್ರಿಯಲ್ಲಿ ಕಾಯಿಸಿ ಒಳಗಿಟ್ಟು, ರಾತ್ರಿಯಿಡೀ ಪಂಪ್ ಓಡಿಸಿದೆ. ಬೆಳಿಗ್ಗೆ ವೇಫರಿಗೆ ಅಡ್ಡವಿರುವ ಶಟರ್ ಮುಚ್ಚಿಯೇ 10 ನಿಮಿಷ ಟಾರ್ಗೆಟ್ (ಪದರಕ್ಕೆ ಲೋಹ ಕೊಡುವ ಅಲ್ಯೂಮಿನಿಯಂ ತುಂಡು) ಮೇಲ್ಮೈ ಸ್ವಚ್ಛ ಮಾಡಿ, ಆಮೇಲೆ ಕೋಟಿಂಗ್ ಶುರು ಮಾಡಿದೆ.

ಹೊರತೆಗೆದ ವೇಫರಿನಲ್ಲಿ ಟ್ಯೂಬ್‌ಲೈಟಿನ ಗೆರೆ ನೆಟ್ಟಗೆ ಕಾಣಿಸಿತು. ಟೇಪಿಗೆ ಏನೂ ಅಂಟಿ ಬರಲಿಲ್ಲ.