ಕತ್ತಲಲ್ಲಿ ಬಿಸಿ ಚುಕ್ಕೆ: ಮನುಷ್ಯನೋ, ಕಡವೆಯೋ?

ದಾರಿ ತಪ್ಪಿದ ಚಾರಣಿಗರನ್ನು ಮಲೆನಾಡಿನ ಕಾಡಿನಲ್ಲಿ ರಾತ್ರಿ ಹುಡುಕುವಾಗ ಥರ್ಮಲ್ ಮಾನಾಕ್ಯುಲರ್ (ಮೈಯ ಬಿಸಿಯನ್ನೇ ಚಿತ್ರವಾಗಿ ತೋರಿಸುವ, ಒಂದೇ ಕಣ್ಣಿಗೆ ಹಿಡಿಯುವ ದುರ್ಬೀನು) ದೊಡ್ಡ ಆಸರೆ. ಆದರೆ ಡಬ್ಬದ ಮೇಲೆ ಅಚ್ಚಾಗಿರುವ ಸಾವಿರಾರು ಮೀಟರ್ ‘ಅಲ್ಲೇನೋ ಇದೆ’ ಎಂದು ಗೊತ್ತಾಗುವ ದೂರ, ಅಷ್ಟೇ. ಸೆನ್ಸರಿನ ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) 12 ಮೈಕ್ರಾನ್, ಲೆನ್ಸ್ 35 ಮಿ.ಮೀ. ಇದ್ದರೆ 500 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 17 ಸೆಂ.ಮೀ. ನಿಂತ ಮನುಷ್ಯ ಹತ್ತು ಪಿಕ್ಸೆಲ್ ಎತ್ತರ, ಮೂರು ಪಿಕ್ಸೆಲ್ ಅಗಲ. ನಿಂತಿದ್ದಾನೋ ಮಲಗಿದ್ದಾನೋ ಹೇಳಬಹುದು. ಕೈ ಬೀಸುತ್ತಿದ್ದಾನೆಯೇ ಎಂದು ನೋಡಲು 100–150 ಮೀಟರಿಗೆ ಹೋಗಲೇಬೇಕು.

ಬಿಸಿಯಾದದ್ದು ಬೆಳ್ಳಗೆ ಕಾಣುವ ‘ವೈಟ್ ಹಾಟ್’ ಇಟ್ಟುಕೊಳ್ಳಿ. ಬಣ್ಣಬಣ್ಣದ ಪ್ಯಾಲೆಟ್‌ನಲ್ಲಿ ಆಕಾರ ಕಲಸಿಹೋಗುತ್ತದೆ. ಶಟರ್ ಕ್ಯಾಲಿಬ್ರೇಷನ್ (ಕ್ಯಾಮೆರಾ ಶಟರ್ ಮುಚ್ಚಿ ತನ್ನ ಚಿತ್ರವನ್ನು ಸರಿಪಡಿಸಿಕೊಳ್ಳುವುದು) ಮೊದಲೇ ಮುಗಿಸಿ, ಅದು ನಡೆಯುವಾಗ ಚಿತ್ರ ಕ್ಷಣಕಾಲ ನಿಂತುಬಿಡುತ್ತದೆ. ಫ್ರೇಮಿನಲ್ಲಿ ಆಕಾಶ ಬೇಡ, ಬೆಂಕಿಯೂ ಬೇಡ. ಕ್ಯಾಮೆರಾ ತಾನಾಗಿ ಆ ಅತಿ ತಂಪಿಗೋ ಅತಿ ಬಿಸಿಗೋ ಹೊಂದಿಕೊಂಡು, ಪಕ್ಕದಲ್ಲಿ ಕೂತವರು ಹಿನ್ನೆಲೆಯಲ್ಲಿ ಕರಗಿಹೋಗುತ್ತಾರೆ.

ಚುಕ್ಕೆ ಕಂಡರೆ ಹತ್ತು ಸೆಕೆಂಡ್ ಅಲುಗಾಡದೆ ನೋಡಿ. ಮನುಷ್ಯನ ಮುಖ, ಕೈ ಹೊಳೆಯುತ್ತವೆ, ಬಟ್ಟೆ ಮುಚ್ಚಿದ ಎದೆ ಮಂಕು. ನಡೆದರೆ ಕಾಲುಗಳು ಕತ್ತರಿಯಂತೆ ತೆರೆದು ಮುಚ್ಚುತ್ತವೆ. ಬೆನ್ನಿನ ಚೀಲ ತಂಪಾದ ಕಪ್ಪು ಗಂಟು. ಮೊಣಕಾಲು ತಬ್ಬಿ ಕೂತವರು ಮುದ್ದೆಯಾಗಿ ಕಾಣುತ್ತಾರೆ. ನಮ್ಮತ್ತ ಮುಖ ಮಾಡಿ ನಿಂತ ಕಡವೆಯೂ ನೀಳವಾಗಿ, ಮನುಷ್ಯನಂತೆಯೇ ಕಾಣುತ್ತದೆ! ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ, ಅಡ್ಡ ಮೈ ಗುಟ್ಟು ಬಿಟ್ಟುಕೊಡುತ್ತದೆ. ಕೂತ ಮುಸುವ (ಉದ್ದ ಬಾಲದ ಕೋತಿ) ಇನ್ನೂ ಕಷ್ಟ, ಬಾಲ ಹುಡುಕಿ.

ಬಿಸಿಲು ಕುಡಿದ ಬಂಡೆ ಸಂಜೆಯ ನಂತರವೂ ಹೊತ್ತುಗಟ್ಟಲೆ ಹೊಳೆಯುತ್ತದೆ. ಹಾಗಾಗಿ ಬೆಳಗಿನ ಜಾವವೇ ಒಳ್ಳೆಯ ಹೊತ್ತು. ಮಂಜು, ಮಳೆಯಲ್ಲಿ ದೂರ ತೀರಾ ಕುಗ್ಗುತ್ತದೆ. ಎಲೆಯ ಹಿಂದಿನ ಬಿಸಿ ಕಾಣುವುದಿಲ್ಲ, ಸಂದಿಯಲ್ಲಿ ಚೂರು ಮಾತ್ರ ಇಣುಕುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಿ. ಗಾಜಿನಲ್ಲಿ, ನಿಂತ ನೀರಿನಲ್ಲಿ ಕಾಣುವುದು ಬರೀ ಪ್ರತಿಬಿಂಬವಿರಬಹುದು.

ಹೆಚ್ಚು ತಪ್ಪಿಹೋಗುವುದು ಒದ್ದೆ ಬಟ್ಟೆಯಲ್ಲಿ ಸುಸ್ತಾಗಿ ಮಲಗಿದವರು. ಮೈ ಹಿನ್ನೆಲೆಯಷ್ಟೇ ತಂಪು, ಮುಖದ ಜಾಗದಲ್ಲಿ ಮಾತ್ರ ಸಣ್ಣ ಬಿಳಿ ಕಲೆ. ಅನುಮಾನವಿದ್ದರೆ ದೂರದಿಂದಲೇ ಕೂಗಿ, ಕಲೆ ಅಲುಗುತ್ತದೆಯೇ ಗಮನಿಸಿ. ಅದು ಕಾಟಿ (ಕಾಡುಕೋಣ) ಆಗಿದ್ದರೆ ಹತ್ತಿರ ಹೋಗಿರದಿದ್ದುದೇ ಒಳ್ಳೆಯದಾಯಿತು. ಅಲುಗದಿದ್ದರೆ ಜಾಗ ಗುರುತು ಹಾಕಿಕೊಂಡು, ಟಾರ್ಚ್ ಹಿಡಿದು ಇಬ್ಬರು ಹೋಗಿ ನೋಡಿ.