ಮಕ್ಕಳ ಕೈಲಿ ಪೇಪರ್ ಹಣ್ಣು ಮಾಡ್ಸೋದು ಹೆಂಗೆ: ಮಾವು, ದ್ರಾಕ್ಷಿ, ಹಲಸು, ಜೊತೆಗೊಂದು ಟೊಮೇಟೊ

ರಾತ್ರಿ ಎಂಟೂವರೆಗೆ ಸ್ಕೂಲ್ ಗ್ರೂಪಲ್ಲಿ ಮೆಸೇಜು, ನಾಳೆ ಫ್ರೂಟ್ಸ್ ಡೇ, ಮಗು ಕೈಲಿ ಒಂದು ಪೇಪರ್ ಹಣ್ಣು ಮಾಡ್ಸಿ ಕಳಿಸಿ ಅಂತ. ಚಿಂತಾಮಣೀಲಿ ಆ ಹೊತ್ತಿಗೆ ನಮ್ಮ ಬೀದಿ ಸ್ಟೇಷನರಿ ಅಂಗಡಿ ಶಟರ್ ಎಳೀತಿರ್ತಾರೆ. ಫೋನಲ್ಲಿ ವಿಡಿಯೋ ನೋಡ್ಕೊಂಡು ನಾನೇ ಕೂತು ಒಂದು ಸ್ಟ್ರಾಬೆರಿ ಮಾಡ್ದೆ, ಚೆನ್ನಾಗೇ ಬಂತು ಅಂದ್ಕೊಂಡೆ, ಮಗಳು ನೋಡಿ "ಇದೇನಮ್ಮ, ಮೆಣಸಿನಕಾಯಾ?" ಅಂದ್ಳು. ಅವಳ ತಪ್ಪೇನಿಲ್ಲ ಬಿಡಿ, ಅವಳು ಸ್ಟ್ರಾಬೆರಿ ನೋಡಿರೋದು ಐಸ್‌ಕ್ರೀಂ ಡಬ್ಬಿ ಮೇಲೆ. ಅವತ್ತಿಂದ ನಮ್ಮನೇಲಿ ಮಗು ಕೈಲಿ ಹಿಡಿದು ತಿಂದಿರೋ ಹಣ್ಣು ಮಾತ್ರ ಮಾಡೋದು, ಅದೂ ನಾನಲ್ಲ, ಅವಳೇ.

ಸಾಮಾನು ಜಾಸ್ತಿ ಬೇಡ. ಹಳೇ ಲಗ್ನಪತ್ರಿಕೆಗಳನ್ನ ಎಸೀಬೇಡಿ, ಅಷ್ಟು ಗಟ್ಟಿ ರಟ್ಟು ದುಡ್ಡು ಕೊಟ್ರೂ ಸಿಗಲ್ಲ. ಕಲರ್ ಪೇಪರ್ ಒಂದು ಪ್ಯಾಕು, ನ್ಯೂಸ್ ಪೇಪರ್, ಮೂತಿ ಚೂಪಿಲ್ದಿರೋ ಕತ್ರಿ. ಫೆವಿಕಾಲ್ ಖಾಲಿಯಾಗಿದ್ರೆ ಮೂರು ಚಮಚ ಮೈದಾನ ಒಂದು ಲೋಟ ತಣ್ಣೀರಲ್ಲಿ ಗಂಟಿಲ್ದಂಗೆ ಕದಡಿ ಸಣ್ಣ ಉರೀಲಿ ಕೈ ಬಿಡದೆ ತಿರುವಿ, ಗಂಜಿ ಥರ ಗಟ್ಟಿಯಾಗಿ ಹೊಳಪು ಬಂತು ಅಂದ್ರೆ ಇಳಿಸಿ ಆರಿಸಿ, ಅಷ್ಟೇ ಅಂಟು. ಹುಳ ಬೀಳ್ಬಾರ್ದು ಅಂತ ಹಿಂದೆ ಇದಕ್ಕೆ ಮೈಲುತುತ್ತ ಹಾಕೋರು, ಮಕ್ಕಳ ಅಂಟಿಗೆ ಅದು ಬೇಡವೇ ಬೇಡ, ವಿಷ ಅದು. ಹಾಕ್ದೆ ಇದ್ರೆ ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರತ್ತೆ, ಚೆಲ್ಲಿ ಹೊಸದು ಮಾಡ್ಕೊಳ್ಳಿ.

ಮೊದಲು ಮಾವು. ನಮ್ಮತ್ತೆ ಊರು ಶ್ರೀನಿವಾಸಪುರದ ಕಡೆ, ಮೇ ಜೂನಲ್ಲಿ ಅಲ್ಲಿ ರೋಡಲ್ಲಿ ಹೋದ್ರೆ ಮಾವಿನ ಲೋಡುಗಳೇ. ಎಲ್ಲಾ ಜಾತಿಗಿಂತ ಮಕ್ಕಳಿಗೆ ಸುಲಭ ತೋತಾಪುರಿ, ಯಾಕಂದ್ರೆ ಅದಕ್ಕೆ ಗಿಣಿಮೂತಿ ಇರತ್ತೆ, ಎಷ್ಟು ಸೊಟ್ಟ ಬರೆದ್ರೂ ತುದೀಲಿ ಒಂದು ಕೊಕ್ಕು ಹಾಕ್ಬಿಟ್ರೆ ಯಾರು ನೋಡಿದ್ರೂ ಮಾವಿನಕಾಯಿ ಅಂತಾರೆ. ಲಗ್ನಪತ್ರಿಕೆ ರಟ್ಟಿನ ಮೇಲೆ ಅಂಗೈಯಷ್ಟು ದೊಡ್ಡದಾಗಿ ಆ ಆಕಾರ ನೀವು ಬರ್ಕೊಡಿ, ಮಗು ಹಸಿರು, ಹಳದಿ ಪೇಪರ್‌ನ ಕೈಲೇ ಹರಿದು ಚೂರು ಮಾಡಿ ತುಂಬ್ಲಿ. ಕತ್ರಿ ಕೊಡ್ಬೇಡಿ ಇಲ್ಲಿ. ಹರಿದ ಚೂರಿನ ಅಂಚಲ್ಲಿ ಬಿಳಿ ನಾರು ನಾರಾಗಿ ಕಾಣತ್ತಲ್ಲ, ಒಂದರ ಮೇಲೊಂದು ಕೂತಾಗ ಹಸಿರು ಹಳದಿಗೆ ಕರಗ್ದಂಗೆ ಕಾಣೋದು ಅದರಿಂದ್ಲೇ, ನಿಜವಾದ ತೋತಾಪುರಿ ಹಣ್ಣಾಗೋದೂ ಹಂಗೇ ಅಲ್ವಾ, ಒಂದು ಕಡೆ ಹಳದಿ ಇನ್ನೊಂದು ಕಡೆ ಇನ್ನೂ ಹಸಿರು. ಮೊದಲು ನ್ಯೂಸ್ ಪೇಪರ್ ಕೊಟ್ಟು ಹರಿಯೋದು ಕಲಿಸಿ. ಉದ್ದಕ್ಕೆ ಎಳೆದ್ರೆ ನೇರ ಪಟ್ಟಿ ಬರತ್ತೆ, ಅಡ್ಡಕ್ಕೆ ಎಳೆದ್ರೆ ಸೊಟ್ಟಂಪಟ್ಟ ಹೋಗತ್ತೆ, ಕಾಗದದ ನಾರು ಕೂತಿರೋ ದಿಕ್ಕು ಹಂಗೆ. ನಮ್ಮವಳು ಇದನ್ನ ಮ್ಯಾಜಿಕ್ ಅಂದ್ಕೊಂಡು ಅರ್ಧ ಗಂಟೆ ಬರೀ ಹರಿದ್ಳು, ಅವರಜ್ಜಿ ಮಾತ್ರ ಇನ್ನೂ ಓದಿರ್ಲಿಲ್ಲ ಅಂತ ಬೈದ್ರು. ಆಮೇಲೆ ಮಾಡಿದ್ದನ್ನ ತೋರಿಸಿದ್ರೆ ತೆಲುಗಲ್ಲಿ "ಮಾಮಿಡಿ ಪಂಡು" ಅಂದ್ರು, ಇವಳು "ಅಲ್ಲ ಅಜ್ಜಿ, ಮಾವಿನಹಣ್ಣು" ಅಂತ ತಿದ್ದಿದ್ಳು, ನಮ್ಮ ಕಡೆ ಮನೆಗಳಲ್ಲಿ ಈ ಜಗಳ ಮಾಮೂಲಿ.

ದ್ರಾಕ್ಷಿ ಮೂರು ವರ್ಷದ ಮಗುಗೂ ಆಗತ್ತೆ. ಎರಡು ಬೆರಳು ಅಗಲದ ಚೌಕ ಚೂರುಗಳನ್ನ ಅಂಗೈಲಿ ಉಂಡೆ ಕಟ್ಟಿ ಅಂಟಿಸೋದು, ಅಷ್ಟೇ. ಮೇಲೆ ನಾಲ್ಕು, ಕೆಳಗೆ ಮೂರು, ಆಮೇಲೆ ಎರಡು, ಒಂದು ಅಂತ ಲೆಕ್ಕ ಹಾಕಿ ಜೋಡಿಸ್ಬೇಡಿ, ಯಾವ ಗೊಂಚಲೂ ಹಂಗಿರಲ್ಲ. ಚಿಕ್ಕಬಳ್ಳಾಪುರ ಕಡೆ ಬೆಳೆಯೋ ಬೆಂಗಳೂರು ಬ್ಲೂಗೆ, ಅದೇ 2013ರಲ್ಲಿ ಜಿಐ ಟ್ಯಾಗ್ (ಇದು ಇಂಥ ಕಡೆಯ ಬೆಳೆ ಅಂತ ಸರ್ಕಾರ ಕೊಡೋ ಗುರುತು) ಸಿಕ್ಕಿದ್ದು, ಕಡು ನೇರಳೆ ಪೇಪರ್ ತಗೊಂಡು ಉಂಡೆ ಗುಂಡಗೆ ಮಾಡ್ಸಿ. ದಿಲ್‌ಖುಷ್ ದ್ರಾಕ್ಷಿ ಆದ್ರೆ ತಿಳಿ ಹಸಿರು, ಸ್ವಲ್ಪ ಉದ್ದಕ್ಕೆ ಹೊಸೀಬೇಕು. ಒಂದು ಎಚ್ಚರಿಕೆ: ಕ್ರೇಪ್ ಪೇಪರ್ ಉಂಡೆ ಕಟ್ಟೋಕೆ ಮೆತ್ತಗೆ ಚೆನ್ನಾಗಿರತ್ತೆ, ಆದ್ರೆ ಅಂಟಿನ ತೇವ ತಾಗಿದ್ರೆ ಬಣ್ಣ ಬಿಡತ್ತೆ, ನಮ್ಮನೆ ದಿವಾನ ಕಾಟ್ ಮೇಲೆ ಆ ನೇರಳೆ ಕೈ ಗುರುತು ಇನ್ನೂ ಇದೆ. ನ್ಯೂಸ್ ಪೇಪರ್ ಹಾಸಿಕೊಂಡು ಕೂತ್ಕೊಳ್ಳಿ. ಒಂದೂವರೆ ಎರಡು ವರ್ಷದ ತಮ್ಮನೋ ತಂಗೀನೋ ಪಕ್ಕದಲ್ಲಿದ್ರೆ ಉಂಡೆ ಬಾಯಿಗೆ ಹೋಗತ್ತೆ, ನೋಡ್ಕೊಳ್ಳಿ.

ಟೊಮೇಟೊ ಹಣ್ಣಾ ತರಕಾರೀನಾ ಅಂತ ಕೇಳ್ಬೇಡಿ, ಗಿಡದ ಲೆಕ್ಕದಲ್ಲಿ ಹಣ್ಣೇ, ಒಳಗೆ ಬೀಜ ಇದೆಯಲ್ಲ. ಕೋಲಾರದ ಮಂಡಿಗೆ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಟೊಮೇಟೊ ಹೋಗೋ ಕಡೆಯವರಾಗಿ ನಾವು ಅದನ್ನ ಬಿಟ್ರೆ ಹೆಂಗೆ. ಇದು ಐದು ವರ್ಷ ದಾಟಿದ ಮಕ್ಕಳಿಗೆ, ಉಬ್ಬಿರೋ ಹಣ್ಣು ಬರತ್ತೆ. ಕಾಫಿ ಲೋಟ ಬೋರಲಾಕಿ ಕೆಂಪು ಪೇಪರ್ ಮೇಲೆ ಎಂಟು ಸುತ್ತು ಬರೆದು ಕತ್ತರಿಸಿ. ಒಂದೊಂದನ್ನೂ ಸರಿ ಅರ್ಧಕ್ಕೆ ಮಡಚಿ. ಮಡಚಿರೋ ಒಂದರ ಬೆನ್ನಿಗೆ ಇನ್ನೊಂದರ ಬೆನ್ನು ಅಂಟಿಸ್ತಾ ಹೋಗಿ, ಎಂಟೂ ಪುಸ್ತಕದ ಥರ ಆಗತ್ತೆ, ಮಧ್ಯಕ್ಕೆ ಒಂದು ದಾರ ಇಟ್ಟು ಕೊನೇದನ್ನ ಮೊದಲನೇದಕ್ಕೆ ಸೇರಿಸಿದ್ರೆ ಪಟ್ಟಂತ ಅರಳ್ಕೊಳತ್ತೆ. ಮೇಲೆ ಐದು ಮೂಲೆ ಹಸಿರು ತೊಟ್ಟು. ಕತ್ತರಿಸುವಾಗ ಮಕ್ಕಳು ಕತ್ರೀನ ತಿರುಗಿಸೋಕೆ ಹೋಗಿ ಒದ್ದಾಡ್ತಾರೆ, ಕತ್ರಿ ಇದ್ದಲ್ಲೇ ಇರ್ಲಿ, ಎಡಗೈಲಿ ಪೇಪರ್ ತಿರುಗಿಸು ಅಂತ ಹೇಳ್ಕೊಡಿ. ಇದೇ ಅಳತೇಲಿ ಕಿತ್ತಳೆ ಪೇಪರ್ ಹಾಕಿದ್ರೆ ಕಿತ್ತಳೆ, ಇನ್ನೇನೂ ಬದಲಾಯಿಸೋದು ಬೇಡ.

ಹಲಸಿಗೆ ಮುಳ್ಳು ಹೆಂಗೆ ತರೋದು ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ, ಮೊಟ್ಟೆ ಟ್ರೇಲಿ ಸಿಕ್ತು ದಾರಿ. ಅಂಗಡೀಲಿ ಕೇಳಿದ್ರೆ ಹರಿದ ಟ್ರೇ ಸುಮ್ನೆ ಕೊಡ್ತಾರೆ, ಮೊಟ್ಟೆ ಅಂಟಿರೋದು ಬೇಡ, ಚೊಕ್ಕ ಇರೋದು ನೋಡಿ ಒಂದು ದಿನ ಬಿಸಿಲಲ್ಲಿಡಿ. ಚಿಕ್ಕ ಚಿಕ್ಕದಾಗಿ ಮುರಿದು ರಟ್ಟಿನ ಮೇಲೆ ಒತ್ತೊತ್ತಾಗಿ ಅಂಟಿಸಿ ಹಸಿರು ಬಣ್ಣ ಬಳಿದ್ರೆ ಮುಟ್ಟಿದ್ರೂ ಹಲಸೇ. ಮಧ್ಯೆ ಸೀಳಿದಂಗೆ ಜಾಗ ಬಿಟ್ಟು ತೊಳೆಗಳನ್ನ ಜೋಡಿಸಿ. ಹಳದಿ ತೊಳೆ ಎಲ್ಲರೂ ಮಾಡ್ತಾರೆ, ತುಮಕೂರಿನ ಗುಬ್ಬಿ ತಾಲ್ಲೂಕು ಚೇಳೂರಿನ ಸಿದ್ದು ಅನ್ನೋ ತಳಿ ಹಲಸಿನ ತೊಳೆ ತಾಮ್ರದ ಬಣ್ಣದ ಕೆಂಪು, ಕೆಂಪು ಮಿಶ್ರಿತ ಕಿತ್ತಳೆ ಪೇಪರ್ ಹಾಕಿ ಮಾಡ್ಸಿ ನೋಡಿ. ಟೀಚರ್ರೇ ಕೇಳಿದ್ರಂತೆ ಇದ್ಯಾಕೆ ಕೆಂಪು ಅಂತ.

ಮೈದಾ ಅಂಟು ಹಾಕಿರೋದನ್ನ ಬೀರು ಒಳಗಿಟ್ರೆ ಜಿರಳೆ ಬರತ್ತೆ, ಒಣಗಿಸಿ ಹೊರಗೆ ಗೋಡೆಗೇ ಹಾಕಿ. ನಮ್ಮ ತೋತಾಪುರಿ ಫ್ರಿಜ್ ಬಾಗಿಲ ಮೇಲಿದೆ, ಕೊಕ್ಕು ಅರ್ಧ ಕಿತ್ತೋಗಿದೆ. ಅಂಟಿಸ್ತೀನಿ ತಾರೇ ಅಂದ್ರೆ "ಬಿಡಮ್ಮ, ಅಳಿಲು ಕಚ್ಚಿರೋದು" ಅಂತಾಳೆ.