ನ್ಯೂಟ್ರಾನ್ ಇಲ್ಲದೆ ಉಕ್ಕು ಮುರಿದ ನನ್ನ ಅನುಭವ

ಕೊನೆಗೂ ಉಕ್ಕಿನ ಬಾರ್ ಪಟ್ ಅಂತ ಎರಡು ತುಂಡಾಯಿತು. ರೇಡಿಯೇಷನ್ ತಗುಲಿದ ಉಕ್ಕು ಬಾಗದೆ ಮುರಿಯುವಂತಾಗುವುದನ್ನು ರೇಡಿಯೇಷನ್ ಇಲ್ಲದೆಯೇ ಮಾಡಿ ತೋರಿಸಲು ಹೊರಟಿದ್ದೆ. "ರೇಡಿಯೇಷನ್ ಇಲ್ದೆ ರೇಡಿಯೇಷನ್ ಪಾಠ ಹೇಗೆ ಮಾಡ್ತೀರಿ ಸಾರ್?" ಅಂತ ನಕ್ಕಿದ್ದ ಗೋಣಿಕೊಪ್ಪದ ಸ್ನೇಹಿತರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಅಣುಸ್ಥಾವರದಲ್ಲಿ ಇಂಧನ ಇರುವ ರಿಯಾಕ್ಟರ್ ಪಾತ್ರೆಯ ಉಕ್ಕಿಗೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಇಂಧನದಿಂದ ಹೊಮ್ಮುವ ನ್ಯೂಟ್ರಾನ್ ಕಣಗಳು ಬಡಿದು ಉಕ್ಕಿನ ಪರಮಾಣುಗಳು ಕೇರಂ ಕಾಯಿಗಳ ಹಾಗೆ ಚೆದುರುತ್ತವೆ. ಬಲ ಏರುತ್ತದೆ, ಬಾಗುವ ಗುಣ ಇಳಿಯುತ್ತದೆ. ಅದಕ್ಕೇ ಕೂಡಂಕುಳಂ ಥರದ ಕಡೆ ಪಾತ್ರೆಯೊಳಗೇ ಉಕ್ಕಿನ ತುಂಡುಗಳನ್ನು ಇಟ್ಟು, ವರ್ಷಗಳ ನಂತರ ತೆಗೆದು ಚಾರ್ಪಿ ಯಂತ್ರದಲ್ಲಿ ಮುರಿದು ನೋಡುತ್ತಾರೆ. ಕಚ್ಚು ಹಾಕಿದ ತುಂಡನ್ನು ತೂಗಾಡುವ ಸುತ್ತಿಗೆಯಿಂದ ಹೊಡೆದು, ಅದು ಎಷ್ಟು ಶಕ್ತಿ ತಿಂದಿತು ಅಂತ ಅಳೆಯುವ ಯಂತ್ರ ಅದು. ನಮ್ಮ ಕೈಗಾದಲ್ಲಿ ಒತ್ತಡ ತಡೆಯುವುದು ಉಕ್ಕಿನ ಪಾತ್ರೆಯಲ್ಲ, ಜಿರ್ಕೋನಿಯಂ ಲೋಹದ ಕೊಳವೆ, ಅದರ ಕತೆ ಬೇರೆ.

ನಾನು ಹಿಡಿದದ್ದು ಅಡ್ಡದಾರಿ. ಬಾರನ್ನು ಕಾಯಿಸದೆಯೇ ಗ್ಯಾರೇಜಿನ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿದೆ. ಆಮೇಲೆ ಮನೆಯ ಓವನ್‌ನಲ್ಲಿ 250 ಡಿಗ್ರಿಗೆ ಒಂದು ಗಂಟೆ ಇಟ್ಟೆ. ಮನೆಯವಳ ಬೈಗುಳ ಲೆಕ್ಕಕ್ಕಿಲ್ಲ. ಉಕ್ಕು ಬಾಗಬೇಕಾದರೆ ಅದರ ಹರಳುಗಳೊಳಗೆ ಪರಮಾಣುಗಳ ಪದರ ಜಾರಬೇಕು. ಇಲ್ಲಿ ಆ ಜಾರುವಿಕೆಗೆ ಅಡ್ಡ ನಿಲ್ಲುವುದು ಉಕ್ಕಿನಲ್ಲೇ ಇರುವ ನೈಟ್ರೋಜನ್. ಕಾರಣ ಬೇರೆ, ಪರಿಣಾಮ ಅದೇ.

ಚಾರ್ಪಿ ಯಂತ್ರ ಕೊಳ್ಳಬೇಕೆಂದರೆ ಲಕ್ಷಗಟ್ಟಲೆ. ನನ್ನದು ಸುಮಾರು 9 ಸಾವಿರದಲ್ಲಿ ಮುಗಿಯಿತು, ಅದರಲ್ಲಿ ಬೇರಿಂಗ್ ಮತ್ತು ವೆಲ್ಡಿಂಗ್‌ಗೇ ಅರ್ಧ ಹೋಯಿತು. ಸುತ್ತಿಗೆಗೆ ಮೆಣಸು ತೂಗುತ್ತಿದ್ದ 5 ಕೆಜಿಯ ಎರಡು ಬಟ್ಟು, ಬಡಿಯುವ ಅಂಚಿಗೆ ಜೀಪಿನ ಲೀಫ್ ಪ್ಲೇಟ್. ಮಳೆಗಾಲವಿಡೀ ಕರೆಂಟ್ ಇಲ್ಲದೆ ವೆಲ್ಡಿಂಗ್ ನಿಂತೇ ಇತ್ತು. ಫ್ರೇಮ್ ಅಲುಗಿ ಶಕ್ತಿಯೆಲ್ಲ ಅಲ್ಲೇ ಸೋರಿ ಹೋಗುತ್ತಿತ್ತು. ಕಾಫಿ ಒಣಗಿಸುವ ಕಣದ ಕಾಂಕ್ರೀಟಿಗೆ ಬೋಲ್ಟ್ ಹಾಕಿದ ಮೇಲೆ ಸರಿಹೋಯಿತು.

ಆದರೂ ಬಾರ್ ಮುರಿಯಲಿಲ್ಲ! ಅಂಗಡಿಯಿಂದ ತಂದ ಹೊಸ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಚದರ ಬಾರ್ ಎಷ್ಟು ಹೊಡೆದರೂ ಸುಮ್ನೆ ಬಾಗುತ್ತಿತ್ತು. ಈಗಿನ ಎಷ್ಟೋ ಉಕ್ಕಿಗೆ ಅಲ್ಯೂಮಿನಿಯಂ ಹಾಕಿ ನೈಟ್ರೋಜನ್ ಕಟ್ಟಿಹಾಕಿರುತ್ತಾರಲ್ವಾ. ಗುಜರಿಗೆ ಹೊರಟಿದ್ದ ಎಸ್ಟೇಟ್ ಗೇಟಿನ ಹಳೇ ಸರಳು ಸಿಕ್ಕಿತು ನೋಡಿ, ಆಟ ಬದಲಾಯಿತು. ಮೀನು ಮಾರ್ಕೆಟ್ಟಿನ ಐಸ್‌ಗೆ ಕಲ್ಲುಪ್ಪು ಸೇರಿಸಿ, ಚೆನ್ನಾಗಿ ತಣ್ಣಗಾಗಲಿ ಅಂತ ಆ ಸರಳಿನ ಎರಡು ತುಂಡು ಇಟ್ಟೆ. ಒತ್ತದೆ ಇದ್ದದ್ದು 60 ಜೂಲ್ ಹತ್ತಿರ ಶಕ್ತಿ ತಿಂದು ಬಾಗಿತು. ಒತ್ತಿ ಕಾಯಿಸಿದ್ದು ಹದಿನೈದಿಪ್ಪತ್ತಕ್ಕೇ ಸಿಡಿಯಿತು. ಮುರಿದ ಮುಖದಲ್ಲಿ ನಾರಿನ ಗುರುತೇ ಇಲ್ಲ, ಹರಳು ಹರಳಾಗಿ ಹೊಳೆಯುತ್ತಿತ್ತು.

ಒಬ್ಬರು ಹಠ ಹಿಡಿದರೆಂದು ಒಂದು ತುಂಡಿಗೆ ಎಕ್ಸ್‌ರೇಯನ್ನೂ ತೆಗೆಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಆಗುವುದೂ ಇಲ್ಲ, ಪರಮಾಣುವನ್ನು ಜಾಗದಿಂದ ಕದಲಿಸುವಷ್ಟು ತಾಕತ್ತು ಅದಕ್ಕಿಲ್ಲ. ಒತ್ತಿ ಕಾಯಿಸಿದ್ದ ಇನ್ನೊಂದು ತುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿದೆ. ಅದು ಮತ್ತೆ ಬಾಗಿತು. ರಷ್ಯಾ ಮಾದರಿಯ ಹಳೆಯ ರಿಯಾಕ್ಟರ್ ಪಾತ್ರೆಗಳನ್ನೂ ಹೀಗೇ, 475 ಡಿಗ್ರಿ ಆಸುಪಾಸಿನಲ್ಲಿ ನೂರು ಗಂಟೆ ಮೇಲೆ ಕಾಯಿಸಿ ಗುಣ ಮರಳಿಸಿದ್ದಾರೆ.

ಫ್ರೇಮ್ ಬೇಕಾದವರು ಬಂದು ಅಳತೆ ತಗೊಂಡು ಹೋಗಿ. 2 ಮಿಮೀ ಕಚ್ಚನ್ನು ಅಷ್ಟು ಚೂಪಾಗಿ ಹಾಕುವುದು ಹೇಗೆ ಅಂತ ಮಾತ್ರ ಕೇಳಬೇಡಿ.